ಅಷ್ಟಾವಕ್ರನ ನಡೆ

ಕನ್ನಡದಲ್ಲಿ ‘ನಡೆ’ ಎಂಬ ಒಂದೇ ಶಬ್ದವು ಕಾಲಿನ ಗತಿಗೂ ಬಾಳಿನ ರೀತಿಗೂ ಸಮಾನವಾಗಿ ಸಲ್ಲುತ್ತದೆ. ಒಬ್ಬನು ಸಜ್ಜನನೋ ಅಲ್ಲವೋ ಎಂಬುದನ್ನು ತಿಳಿಯಬೇಕಾದಾಗ ನಮ್ಮ ಹಿರಿಯರು ಅವನ ನಡೆನುಡಿ ಹೇಗೆಂದು ವಿಚಾರಿಸುತ್ತಿದ್ದರು. ಒಂದು ಕೂಸು ಸರಿಯಾಗಿ ಬೆಳೆಯುತ್ತಿದೆಯೋ ಇಲ್ಲವೋ ಎಂಬುದನ್ನು ತಿಳಿಯಬೇಕಾದಾಗಲೂ ಅವರು ಕೇಳುತ್ತಿದ್ದುದು ಅದನ್ನೇ: ನಡೆಯಿತೆ, ನುಡಿಯಿತೆ? ಶೀಲವನ್ನೂ ಶರೀರವನ್ನೂ ಹೀಗೆ ಒಂದೇ ಜೋಡಿಮಾತಿನಿಂದ ಅಳೆಯುವ ಜನರ ನಡುವೆ, ನಡೆಯು ತಡವಾದ, ನುಡಿಯು ತೊಡಕಾದ ಮಗುವಿನ ಬೆಲೆಯನ್ನು ಯಾವ ಅಳತೆಗೋಲಿನಿಂದ ಕಾಣತಕ್ಕದ್ದು ಎಂಬ ಪ್ರಶ್ನೆಯು ಬಹುಕಾಲದಿಂದ ನನ್ನ ಮನಸ್ಸಿನಲ್ಲಿ ಅಸ್ಪಷ್ಟವಾಗಿ ಸುಳಿಯುತ್ತಿದ್ದು, ಒಂದು ಶನಿವಾರದ ಬೆಳಿಗ್ಗೆ ಹೂಡಿಯಲ್ಲಿ ಸ್ಪಷ್ಟರೂಪವನ್ನು ತಾಳಿ ಎದುರಿಗೆ ನಿಂತಿತು.

ಹೂಡಿಯು ಒಂದೆರಡು ತಲೆಮಾರುಗಳ ಹಿಂದೆ ಬೆಂಗಳೂರಿನ ಮೂಡಣ ಮಗ್ಗುಲಲ್ಲಿದ್ದ ಒಂದು ಹಳ್ಳಿ. ತನ್ನ ಕೆರೆ, ತನ್ನ ಹೊಲಗದ್ದೆ, ಜೋಲಾರಪೇಟೆಯ ಕಡೆಗೆ ಸಾಗುವ ರೈಲಿನ ದಾರಿ, ಇಷ್ಟೇ ಅದರ ಪ್ರಪಂಚವಾಗಿತ್ತು. ಇಂದು ಅದರ ಸುತ್ತ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಸೌಧಗಳೂ ಕೈಗಾರಿಕೆಯ ಶೆಡ್ಡುಗಳೂ ಎದ್ದು ನಿಂತಿವೆ. 2023ರ ಮಾರ್ಚ್ ತಿಂಗಳಿನಿಂದ ಅದರ ತಲೆಯ ಮೇಲೆ ಮೆಟ್ರೋ ಓಡುತ್ತಿದೆ. ಸಕಲರೂ ತ್ವರೆಯಿಂದ ಎಲ್ಲಿಗೋ ತಲುಪಬೇಕಾಗಿರುವ ಆ ಊರಿನಲ್ಲಿ, ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಣ ಎರಡನೆಯ ಅಂತಸ್ತಿನಲ್ಲಿ, ನಿಧಾನವನ್ನೇ ವ್ರತವಾಗಿ ಹಿಡಿದಿರುವ ಒಂದು ಹಜಾರವನ್ನು ನಾನು ಕಂಡೆನು. ಸ್ನೇಹಿತರೊಬ್ಬರ ಮೊಮ್ಮಗಳನ್ನು ಅಲ್ಲಿಗೆ ಕರೆದೊಯ್ಯುವ ಕೆಲಸವು ಆ ದಿನ ನನ್ನ ಪಾಲಿಗೆ ಬಂದಿತ್ತು. ನೆಲದ ತುಂಬ ನೀಲಿಯ ದಪ್ಪ ಮ್ಯಾಟುಗಳು; ಗೋಡೆಗೆ ಏಣಿಯಂತೆ ಬಡಿದ ಮರದ ಸಲಾಕೆಗಳು; ಒಂದು ಮೂಲೆಯಲ್ಲಿ ಟ್ರ್ಯಾಂಪೊಲಿನ್, ಇನ್ನೊಂದರಲ್ಲಿ ಸೂರಿನಿಂದ ಇಳಿಬಿಟ್ಟ ಬಟ್ಟೆಯ ಉಯ್ಯಾಲೆ; ಬಾಗಿಲಿನ ಮೇಲೆ, ಗರಡಿಮನೆಯ ಸಂಪ್ರದಾಯವನ್ನು ಮರೆಯದವರು ಯಾರೋ ಹಾಕಿರಬಹುದಾದ ಆಂಜನೇಯನ ಪಟ.

ಜಿಮ್ನಾಸ್ಟಿಕ್ಸ್ ಪಂದ್ಯಗಳಲ್ಲಿ ಬೀಮ್ ಎಂಬ ತೊಲೆಯು 10 ಸೆಂಟಿಮೀಟರ್ ಅಗಲವಾಗಿದ್ದು ನೆಲದಿಂದ 125 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಇಲ್ಲಿ ಅದನ್ನು ನೆಲದ ಮೇಲೆಯೇ ಇಟ್ಟಿದ್ದರು. ಎತ್ತರವು ಒಂದು ಗೇಣೂ ಇರಲಿಲ್ಲ. ಅದರ ಒಂದು ತುದಿಯಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನು ಎರಡು ಕಿವಿಗಳನ್ನೂ ಅಂಗೈಗಳಿಂದ ಮುಚ್ಚಿಕೊಂಡು ನಿಂತಿದ್ದನು. ಅವನಿಗೆ ಆಟಿಸಂ ಇರುವುದೆಂದೂ ಮಾತು ಬಂದಿಲ್ಲವೆಂದೂ ಪಕ್ಕದ ಬೆಂಚಿನ ಮೇಲೆ ಕುಳಿತಿದ್ದ ಅವನ ಅಜ್ಜಿಯೇ ನನಗೆ ಹೇಳಿದರು. ಆಕೆ ಮಾಲೂರಿನ ಕಡೆಯವರು. ಮಗನಿಗೂ ಸೊಸೆಗೂ ಕಂಪನಿಯ ಕೆಲಸವಾದಕಾರಣ ಮೊಮ್ಮಗನನ್ನು ವಾರಕ್ಕೆ ಎರಡು ಸಲ ಆ ಮೆಟ್ಟಿಲುಗಳನ್ನು ಹತ್ತಿಸಿ ತರುವ ಭಾರ ಅವರದು. ತರುಣ ಕೋಚು ಹುಡುಗನನ್ನು ಕರೆಯಲಿಲ್ಲ, ಕೈಹಿಡಿದು ಎಳೆಯಲಿಲ್ಲ. ತಾನೇ ಬೀಮಿನ ಮೇಲೆ ಒಂದು ಹೆಜ್ಜೆಯಿಟ್ಟು, ತಿರುಗಿ, ಸುಮ್ಮನೆ ನಿಂತನು. ಎಷ್ಟೋ ಹೊತ್ತಿನ ತರುವಾಯ ಹುಡುಗನ ಬಲಗೈಯು ಕಿವಿಯನ್ನು ಬಿಟ್ಟು ಗಾಳಿಯಲ್ಲಿ ಚಾಚಿಕೊಂಡಿತು. ಹೆಬ್ಬೆರಳು ಮೊದಲು, ಅಂಗಾಲು ಆಮೇಲೆ, ತೊಲೆಯ ಮೇಲೆ ಊರಿತು.

ಹೊರಗಿನವರ ಕಣ್ಣಿಗೆ ಇದು ಆಟ. ಆದರೆ ಆ ಒಂದು ಹೆಜ್ಜೆಯ ಹಿಂದೆ ಶರೀರದಲ್ಲಿ ನಡೆಯುವ ವ್ಯವಹಾರವನ್ನು ತಿಳಿದರೆ ಕೈಮುಗಿಯಬೇಕೆನ್ನಿಸುತ್ತದೆ. ಒಳಗಿವಿಯಲ್ಲಿ ದ್ರವವು ತುಂಬಿದ ಮೂರು ಅರ್ಧವೃತ್ತದ ನಾಳಗಳಿದ್ದು, ತಲೆಯು ಯಾವ ಕಡೆಗೆ ತಿರುಗಿತೆಂಬ ಸುದ್ದಿಯನ್ನು ಕ್ಷಣಕ್ಷಣಕ್ಕೂ ಮಿದುಳಿಗೆ ಮುಟ್ಟಿಸುತ್ತವೆ. ಮಾಂಸಖಂಡಗಳಲ್ಲಿಯೂ ಕೀಲುಗಳಲ್ಲಿಯೂ ಹುದುಗಿರುವ ಸೂಕ್ಷ್ಮ ಗ್ರಾಹಕಗಳು, ಕಣ್ಣು ಮುಚ್ಚಿದ್ದರೂ ಕೈಕಾಲುಗಳು ಎಲ್ಲಿವೆಯೆಂಬ ಅರಿವನ್ನು ಕೊಡುತ್ತವೆ. ಈ ಒಳಅರಿವಿಗೆ 1906ರಲ್ಲಿ ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಷೆರಿಂಗ್ಟನ್ ಒಂದು ಪ್ರತ್ಯೇಕ ಹೆಸರನ್ನೇ ಕೊಟ್ಟನು. ಪಂಚೇಂದ್ರಿಯಗಳೆಂದು ಎಣಿಸಿಕೊಂಡು ಬಂದ ನಮಗೆ ಇವೆರಡೂ ಲೆಕ್ಕಕ್ಕೆ ಬಾರದ ಇಂದ್ರಿಯಗಳು. ಚೆನ್ನಾಗಿ ಕೆಲಸಮಾಡುತ್ತಿರುವವರೆಗೆ ಇವು ಇವೆಯೆಂಬುದೇ ತಿಳಿಯದು. ಅಮೆರಿಕದ ಜೀನ್ ಏಯರ್ಸ್ ಎಂಬಾಕೆ 1972ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇಂಥ ಸಂವೇದನೆಗಳು ಒಂದಕ್ಕೊಂದು ಹೊಂದಿಕೊಳ್ಳದಿದ್ದಾಗ ಮಗುವಿನ ಕಲಿಕೆಯೂ ವರ್ತನೆಯೂ ತೊಡಕಾಗುವ ಬಗೆಯನ್ನು ವಿವರಿಸಿದಳು. ಆಕೆಯ ಸಿದ್ಧಾಂತವೆಲ್ಲವನ್ನೂ ಎಲ್ಲ ವೈದ್ಯರೂ ಒಪ್ಪಿಲ್ಲ. ಆದರೂ ಕೆಲವು ಮಕ್ಕಳು ಗಿರಗಿರನೆ ಸುತ್ತಲು ಹಂಬಲಿಸುವರು, ಕೆಲವರು ಕಾಲು ನೆಲವನ್ನು ಬಿಟ್ಟರೆ ಬೆದರುವರು ಎಂಬುದನ್ನು ಅಂಥ ಮಕ್ಕಳೊಡನೆ ಬಾಳಿದವರೆಲ್ಲರೂ ಬಲ್ಲರು. ಉಯ್ಯಾಲೆ, ಲಾಗ, ನೇತಾಟ, ತೆವಳುವಿಕೆ ಇವೆಲ್ಲ ಆ ಹಸಿವಿಗೆ ಅಳತೆಯರಿತು ಬಡಿಸುವ ಅನ್ನ.

ಹಸಿವೆಂಬ ಮಾತನ್ನು ನಾನು ಅಲಂಕಾರಕ್ಕಾಗಿ ಹೇಳಲಿಲ್ಲ. ನನ್ನ ಬಾಲ್ಯದಲ್ಲಿ ನಮ್ಮ ಸೋದರತ್ತೆಯ ಮಗನೊಬ್ಬನಿದ್ದನು. ಅವನಿಗೆ ನಡೆ ಬಂದದ್ದು ಆರನೆಯ ವರ್ಷದಲ್ಲಿ; ನುಡಿ ಬರಲೇ ಇಲ್ಲ. ಮನೆಗೆ ನೆಂಟರು ಬಂದಾಗ ಅವನನ್ನು ಒಳಕೋಣೆಯಲ್ಲಿ ಕೂರಿಸಿ ಬಾಗಿಲನ್ನು ಮುಂದಕ್ಕೆಳೆಯುತ್ತಿದ್ದರು. ಅವನು ಅಲ್ಲಿ ಕಂಬಕ್ಕೆ ಬೆನ್ನನ್ನು ಆನಿಸಿಕೊಂಡು, ಹಿಂದಕ್ಕೂ ಮುಂದಕ್ಕೂ, ಹಿಂದಕ್ಕೂ ಮುಂದಕ್ಕೂ, ಗಂಟೆಗಟ್ಟಲೆ ತೂಗುತ್ತಿದ್ದನು. ಬೆನ್ನು ತಾಗಿ ತಾಗಿ ಕಂಬದ ಆ ಭಾಗವು ನುಣುಪಾಗಿತ್ತು. ಹಾಗೆ ತೂಗಬೇಡವೆಂದು ಗದರಿಸಿದವರಲ್ಲಿ ನಾನೂ ಒಬ್ಬನು. ಅವನ ಶರೀರವು ತನಗೆ ಬೇಕಾದುದನ್ನು ತಾನೇ ಕಂಡುಕೊಂಡಿತ್ತೆಂಬುದೂ, ಅಂಗಳದ ಹುಣಿಸೆಯ ಮರಕ್ಕೆ ಒಂದು ಹಗ್ಗದ ಉಯ್ಯಾಲೆಯನ್ನು ಕಟ್ಟಿದ್ದರೆ ಆ ಮಗುವಿನ ದಿನಗಳು ಎಷ್ಟೋ ಹಗುರವಾಗುತ್ತಿದ್ದುವೆಂಬುದೂ ನನಗೆ ಹೊಳೆದದ್ದು, ಹೂಡಿಯ ಹಜಾರದಲ್ಲಿ ಆ ಬಟ್ಟೆಯ ಉಯ್ಯಾಲೆಯೊಳಗೆ ಕಣ್ಣು ಮುಚ್ಚಿ ಶಾಂತವಾಗಿ ತೂಗುತ್ತಿದ್ದ ಮತ್ತೊಂದು ಮಗುವನ್ನು ನೋಡಿದಾಗ. ನಮ್ಮ ಅತ್ತೆಯ ಮಗನು ಹದಿನೇಳನೆಯ ವಯಸ್ಸಿನಲ್ಲಿ ತೀರಿಕೊಂಡನು. ಉಯ್ಯಾಲೆಯನ್ನು ಯಾರೂ ಕಟ್ಟಲಿಲ್ಲ.

ಕಟ್ಟದಿದ್ದುದಕ್ಕೆ ಕಾರಣ ಬಡತನವಲ್ಲ, ನಿರ್ದಯೆಯೂ ಅಲ್ಲ; ಒಂದು ಸಮಾಧಾನ. ಯಾವ ಜನ್ಮದ ಕರ್ಮವೋ, ಅನುಭವಿಸಬೇಕು ಎಂದು ಮನೆಯವರು ಹೇಳಿಕೊಂಡರು, ಊರಿನವರು ತಲೆಯಾಡಿಸಿದರು. ಕರ್ಮಸಿದ್ಧಾಂತವು ಲಘುವಾದುದಲ್ಲ. ಲೋಕದಲ್ಲಿ ಒಂದು ನ್ಯಾಯವುಂಟು, ಯಾವ ಕ್ರಿಯೆಯೂ ವ್ಯರ್ಥವಾಗಿ ಅಳಿದುಹೋಗುವುದಿಲ್ಲ ಎಂಬ ಅದರ ಭರವಸೆಯ ಮೇಲೆ ಕೋಟ್ಯಂತರ ಜನರು ದುಃಖವನ್ನು ದಾಟಿದ್ದಾರೆ. ಆದರೆ ಆ ಸಿದ್ಧಾಂತವನ್ನು ಯಾರು ಯಾರಿಗೆ ಹೇಳುತ್ತಾರೆಂಬುದನ್ನು ನೋಡಬೇಕು. ನನಗೆ ಬಂದೊದಗಿದ ಕಷ್ಟವನ್ನು ನಾನೇ ‘ಇದು ನನ್ನ ಕರ್ಮ’ ಎಂದು ಒಪ್ಪಿಕೊಂಡಾಗ ಅದು ಧೃತಿ. ಎದುರಿನ ಮಗುವಿನ ಕಷ್ಟವನ್ನು ನೋಡಿ ‘ಅದು ಅದರ ಕರ್ಮ’ ಎಂದಾಗ ಅದೇ ಮಾತು ತೀರ್ಪಾಗುತ್ತದೆ, ಅದೂ ವಿಚಾರಣೆಯಿಲ್ಲದ ತೀರ್ಪು. ಉತ್ತಮಪುರುಷದಲ್ಲಿ ತಪಸ್ಸಾಗಿರುವ ಮಾತು ಪ್ರಥಮಪುರುಷದಲ್ಲಿ ಕ್ರೌರ್ಯವಾಗುವುದಕ್ಕೆ ವ್ಯಾಕರಣದ ಒಂದು ಹೆಜ್ಜೆ ಸಾಕು. ಮತ್ತು ಕರ್ಮವು ಸತ್ಯವೇ ಆಗಿದ್ದ ಪಕ್ಷದಲ್ಲಿ, ಆ ಮಗುವಿಗೆ ಈ ಹೊತ್ತು ನಾನು ಏನು ಮಾಡುವೆನೆಂಬುದು ನನ್ನ ಕರ್ಮವಷ್ಟೆ. ಅದರ ಹಿಂದಣ ಜನ್ಮದ ಲೆಕ್ಕವನ್ನು ತೆಗೆದು ನೋಡುವ ಅಧಿಕಾರವನ್ನು ನನಗೆ ಯಾವ ಶಾಸ್ತ್ರವೂ ಕೊಟ್ಟಿಲ್ಲ.

ನಮ್ಮ ಪುರಾಣೇತಿಹಾಸಗಳು ಈ ವಿಷಯದಲ್ಲಿ ನಮಗಿಂತ ಹೆಚ್ಚು ಎಚ್ಚರದಿಂದಿವೆ. ಮಹಾಭಾರತದ ವನಪರ್ವದಲ್ಲಿ ಬರುವ ಅಷ್ಟಾವಕ್ರನ ಕಥೆಯನ್ನು ನೆನೆಯಬೇಕು. ತಾಯಿ ಸುಜಾತೆಯ ಗರ್ಭದಲ್ಲಿದ್ದಾಗಲೇ ಆ ಶಿಶುವು ತಂದೆ ಕಹೋಡನ ವೇದಾಧ್ಯಯನದಲ್ಲಿನ ದೋಷವನ್ನು ಎತ್ತಿ ತೋರಿಸಿತು. ಶಿಷ್ಯರ ನಡುವೆ ಅವಮಾನಿತನಾದ ತಂದೆಯು ಎಂಟು ಕಡೆ ವಕ್ರನಾಗಿ ಹುಟ್ಟೆಂದು ಶಪಿಸಿದನು. ಇಲ್ಲಿ ಮೈ ಡೊಂಕಾದುದು ಮಗುವಿನ ಪಾಪದಿಂದಲ್ಲ, ಹಿರಿಯನ ಅಸಹನೆಯಿಂದ. ಕಥೆಯು ಅಪರಾಧಿಯನ್ನು ತೊಟ್ಟಿಲಲ್ಲಿ ಹುಡುಕದೆ, ತೊಟ್ಟಿಲಿನ ಪಕ್ಕದಲ್ಲಿ ನಿಂತವನಲ್ಲಿ ಹುಡುಕಿತು. ಮುಂದೆ ಆ ಬಾಲಕನು ಸುಮಾರು ಹನ್ನೆರಡನೆಯ ವಯಸ್ಸಿನಲ್ಲಿ ಜನಕನ ಆಸ್ಥಾನದ ಬಾಗಿಲಿಗೆ ಹೋದನು. ದ್ವಾರಪಾಲಕನು ಹುಡುಗರಿಗೆ ಪ್ರವೇಶವಿಲ್ಲವೆಂದು ತಡೆದನು. ನರೆತ ಕೂದಲಿನಿಂದ ಹಿರಿತನವು ಬಾರದೆಂದು ಅವನೊಡನೆ ವಾದಿಸಿ, ಒಳಹೊಕ್ಕು, ತಂದೆಯನ್ನು ವಾದದಲ್ಲಿ ಸೋಲಿಸಿ ನೀರಿಗೆ ನೂಕಿಸಿದ್ದ ಬಂದಿಯನ್ನು ಗೆದ್ದು, ಶಪಿಸಿದ ಆ ತಂದೆಯನ್ನೇ ಬಿಡಿಸಿ ತಂದನು. ಜ್ಞಾನದಿಂದ ಗೆದ್ದವನೆಂದು ನಾವು ಅವನನ್ನು ಕೊಂಡಾಡುತ್ತೇವೆ. ಎಂಟು ಡೊಂಕಿನ ಮೈಯನ್ನು ಹೊತ್ತು ಅಷ್ಟು ದೂರದ ದಾರಿಯನ್ನು ಆ ಬಾಲಕನು ನಡೆದನೆಂಬುದನ್ನು ಮಾತ್ರ ಮರೆಯುತ್ತೇವೆ. ಹಜಾರದ ಬಾಗಿಲ ಮೇಲಿದ್ದ ಆಂಜನೇಯನನ್ನೇ ನೋಡಿ: ಸೂರ್ಯನನ್ನು ಹಿಡಿಯಲು ನೆಗೆದು ವಜ್ರದ ಪೆಟ್ಟಿನಿಂದ ಹನು, ಎಂದರೆ ದವಡೆ, ಮುರಿದ ಮಗುವು ಹನುಮಂತನಾಯಿತು. ಎಲ್ಲ ಗರಡಿಗಳ ಅಧಿದೇವತೆಯು ತನ್ನ ಹೆಸರಿನಲ್ಲಿಯೇ ಬಾಲ್ಯದ ಗಾಯವನ್ನು ಧರಿಸಿದ್ದಾನೆ.

ಆದರೆ ವ್ಯಾಯಾಮವಿದ್ಯೆಯ ಇತಿಹಾಸವು ಈ ಎಚ್ಚರವನ್ನು ಎಲ್ಲ ಕಾಲದಲ್ಲಿಯೂ ಉಳಿಸಿಕೊಳ್ಳಲಿಲ್ಲ; ಅದಕ್ಕೆ ಬರ್ಲಿನ್ ನಗರವೊಂದೇ ಸಾಕ್ಷಿ. 1811ರಲ್ಲಿ ಯಾನ್ ಎಂಬವನು ಅಲ್ಲಿನ ಹಾಸೆನ್‌ಹೈಡೆ ಬಯಲಿನಲ್ಲಿ ತೆರೆದ ವ್ಯಾಯಾಮಶಾಲೆಯಿಂದ ಇಂದಿನ ಜಿಮ್ನಾಸ್ಟಿಕ್ಸಿನ ಒಂದು ಮುಖ್ಯಶಾಖೆಯು ಹೊರಟಿತು. ಬಲಿಷ್ಠವಾದ, ನೆಟ್ಟನೆಯ ಶರೀರವೇ ರಾಷ್ಟ್ರದ ಶಕ್ತಿ ಎಂಬ ಭಾವನೆಯು ಅದರೊಡನೆ ಬೆಳೆಯಿತು. ನೂರಿಪ್ಪತ್ತೈದು ವರ್ಷಗಳಾದ ಮೇಲೆ, 1936ರಲ್ಲಿ, ಅದೇ ನಗರದಲ್ಲಿ ಸುಂದರ ಶರೀರಗಳ ಮಹೋತ್ಸವವಾಗಿ ಒಲಿಂಪಿಕ್ಸ್ ನಡೆಯಿತು. ಅದಾಗಿ ನಾಲ್ಕೈದು ವರ್ಷಗಳಲ್ಲಿ, ಟಿಯರ್‌ಗಾರ್ಟನ್ ಬೀದಿಯ 4ನೆಯ ಸಂಖ್ಯೆಯ ಮನೆಯಲ್ಲಿ ಕುಳಿತ ಅಧಿಕಾರಿಗಳು, ಬದುಕಲು ಯೋಗ್ಯರಲ್ಲವೆಂದು 70,000ಕ್ಕೂ ಮಿಕ್ಕಿದ ಅಂಗವಿಕಲರನ್ನೂ ಮಾನಸಿಕ ರೋಗಿಗಳನ್ನೂ ಕೊಲ್ಲಿಸಿದರು. ನೇರವಾದುದನ್ನು ಪೂಜಿಸುವುದು ಅಲ್ಲಿಗೇ ನಿಲ್ಲದೆ, ಡೊಂಕಾದುದನ್ನು ದ್ವೇಷಿಸುವವರೆಗೆ ಹೋಗಬಲ್ಲದೆಂಬುದಕ್ಕೆ ಇದಕ್ಕಿಂತ ಭಯಂಕರವಾದ ನಿದರ್ಶನವಿಲ್ಲ. ಆದರೆ ಅದೇ ಬರ್ಲಿನ್ನಿನಲ್ಲಿ ಜಿಮ್ನಾಸ್ಟಿಕ್ಸ್ ಶಿಕ್ಷಕಿಯಾಗಿ ತರಬೇತಾಗಿದ್ದ ಬೆರ್ಟಾ ಎಂಬ ತರುಣಿಯು ನಾಜಿಗಳಿಂದ ತಪ್ಪಿಸಿಕೊಂಡು ಲಂಡನ್ನಿಗೆ ಬಂದು, ಪತಿ ಕಾರೆಲ್ ಬೊಬಾತ್ ಎಂಬ ವೈದ್ಯನೊಡನೆ ಸೇರಿ, ಸೆರೆಬ್ರಲ್ ಪಾಲ್ಸಿಯಿಂದ ಬಿಗಿದುಹೋದ ಮಕ್ಕಳ ಅಂಗಗಳಿಗೆ ಚಲನೆಯನ್ನು ಕಲಿಸುವ ಪದ್ಧತಿಯನ್ನು ರೂಪಿಸಿದಳು. ಯಾವ ವಿದ್ಯೆಯು ನೇರವಾದ ಮೈಯ ಸೊತ್ತೆಂದು ಗರ್ವಪಟ್ಟಿತ್ತೋ ಅದೇ ವಿದ್ಯೆಯು ನಿರಾಶ್ರಿತೆಯೊಬ್ಬಳ ಕೈಯಲ್ಲಿ ಬಾಗಿದ ಮೈಗಳ ಸೇವೆಗೆ ನಿಂತಿತು. 1968ರಲ್ಲಿ ಯೂನಿಸ್ ಕೆನಡಿ ಶ್ರೈವರ್ ಚಿಕಾಗೋವಿನಲ್ಲಿ ಆರಂಭಿಸಿದ ಸ್ಪೆಷಲ್ ಒಲಿಂಪಿಕ್ಸ್, 2023ರ ಜೂನ್ ತಿಂಗಳಿನಲ್ಲಿ ಆ ಬರ್ಲಿನ್ ನಗರಕ್ಕೇ ಬಂದಿತು; ಬುದ್ಧಿಬೆಳವಣಿಗೆಯಲ್ಲಿ ತೊಡಕುಳ್ಳ ಕ್ರೀಡಾಪಟುಗಳು ಅಲ್ಲಿ ಬೀಮಿನ ಮೇಲೆ ನಡೆದರು, ಭಾರತದಿಂದಲೂ ದೊಡ್ಡ ತಂಡವು ಹೋಗಿತ್ತು. ಅಲ್ಲಿಯ ನಿಯಮದಂತೆ ಸ್ಪರ್ಧಿಗಳನ್ನು ಅವರವರ ಸಾಮರ್ಥ್ಯಕ್ಕೆ ಸಮನಾದವರೊಡನೆ ಸೇರಿಸುತ್ತಾರೆ.

ಪ್ರಪಂಚದ ಆಚೆ ತುದಿಗೆ ಹೋಗಿ ಬಂದೆನಾದರೂ, ವಿದ್ಯೆಯನ್ನೇ ಶರೀರದ ಅಳತೆಗೆ ಹೊಂದಿಸುವ ಈ ತತ್ತ್ವವನ್ನು ಬಾಳಿ ತೋರಿಸಿದವರು ಹೂಡಿಯಿಂದ ಪೂರ್ವಕ್ಕೆ ಕೆಲವೇ ಹರದಾರಿಗಳ ಆಚೆ ಹುಟ್ಟಿದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ. ಕೆ. ಎಸ್. ಅಯ್ಯಂಗಾರ್ಯರು ಬಾಲ್ಯದಲ್ಲಿ ಕ್ಷಯ, ಮಲೇರಿಯಾ, ವಿಷಮಶೀತಜ್ವರಗಳಿಂದ ಜರ್ಜರಿತರಾದ ಹುಡುಗ. ಮೈಸೂರಿನ ಅರಮನೆಯ ಆಶ್ರಯದಲ್ಲಿ ಯೋಗಶಾಲೆಯನ್ನು ನಡೆಸುತ್ತಿದ್ದ ಭಾವ ಕೃಷ್ಣಮಾಚಾರ್ಯರಲ್ಲಿಗೆ 1934ರಲ್ಲಿ ಬಂದು ಕಲಿತು, ಮುಂದೆ ಲೋಕಪ್ರಸಿದ್ಧರಾದಾಗ, ತಮ್ಮ ಆ ದುರ್ಬಲ ಶರೀರವನ್ನು ಅವರು ಮರೆಯಲಿಲ್ಲ. ಹಗ್ಗ, ಪಟ್ಟಿ, ಮರದ ದಿಮ್ಮಿ, ದಿಂಬು, ಕುರ್ಚಿ, ಇವುಗಳ ನೆರವಿನಿಂದ ಯಾರಿಗೆ ಅಂಗೈ ನೆಲಕ್ಕೆ ಮುಟ್ಟದೋ ಅವರ ಅಂಗೈಯ ಬಳಿಗೆ ನೆಲವನ್ನೇ ಎತ್ತಿ ತಂದರು. ಹೂಡಿಯ ಹಜಾರದಲ್ಲಿ ಬೀಮು ಕೆಳಗಿಳಿದುದೂ ಇದೇ ಧರ್ಮದಿಂದ. ಬೆಂಗಳೂರಿಗೆ ಈ ಧರ್ಮವು ಹೊಸದಲ್ಲ, 1959ರಲ್ಲಿ ಎನ್. ಎಸ್. ಹೇಮಾ ಅವರು ಅಂಗವಿಕಲರ ಸಂಸ್ಥೆಯನ್ನು ಕಟ್ಟಿದರು, 1980ರಿಂದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕವು ದುಡಿಯುತ್ತಿದೆ. ಎತ್ತಿ ತರುವ ನೆಲವು ಪ್ರತಿಯೊಂದು ಮಗುವಿಗೂ ಬೇರೆಬೇರೆ ಎಂಬ ವಿವೇಕವೂ ಇಲ್ಲಿ ಬೇಕು. ನಾನು ಕರೆದೊಯ್ದ ಬಾಲಿಕೆಗೆ ಡೌನ್ ಸಿಂಡ್ರೋಮ್. ಅಂಥ ಮಕ್ಕಳ ಕೀಲುಗಳು ಸಡಿಲವಾಗಿರುವುದಲ್ಲದೆ, ಕೆಲವರಲ್ಲಿ ಕತ್ತಿನ ಮೇಲ್ಭಾಗದ ಎರಡು ಎಲುಬುಗಳ ಬಂಧವೂ ಅಸ್ಥಿರವಾಗಿರುತ್ತದೆಯಾದ ಕಾರಣ, ವೈದ್ಯರು ಪರೀಕ್ಷಿಸಿ ಒಪ್ಪುವವರೆಗೆ ಅವರಿಗೆ ಲಾಗ ಹಾಕಿಸಲಾಗದು. ಕೋಚು ಮೊದಲು ಕೇಳಿದುದು ವೈದ್ಯರ ಆ ಒಪ್ಪಿಗೆಯ ಕಾಗದವನ್ನೇ. ಕರುಣೆಗೆ ಶಾಸ್ತ್ರಜ್ಞಾನವು ಜೊತೆಯಾಗದಿದ್ದರೆ ಅದು ಅಪಾಯಕಾರಿ.

ಲಾಗದ ಅಭ್ಯಾಸವನ್ನು ನೋಡುತ್ತಿದ್ದಾಗ ಮತ್ತೊಂದು ಹಳೆಯ ಚರ್ಚೆಯು ನೆನಪಿಗೆ ಬಂದಿತು. ಜೀವನು ತನ್ನ ಪ್ರಯತ್ನದಿಂದ ದೇವರನ್ನು ಹಿಡಿಯಬೇಕೋ, ದೇವರೇ ಜೀವನನ್ನು ಎತ್ತಿಕೊಳ್ಳುವನೋ ಎಂಬ ವಿಷಯದಲ್ಲಿ ಶ್ರೀವೈಷ್ಣವರಲ್ಲಿ ಎರಡು ಮತಗಳುಂಟು. ತಾಯಿಯ ಹೊಟ್ಟೆಯನ್ನು ಕೋತಿಯ ಮರಿಯು ತಾನೇ ಅವುಚಿಕೊಳ್ಳುವುದು ವಡಗಲೆಯವರ ಮರ್ಕಟಕಿಶೋರ ನ್ಯಾಯ. ಬೆಕ್ಕು ತನ್ನ ಮರಿಯನ್ನು ಬಾಯಲ್ಲಿ ಕಚ್ಚಿ ಒಯ್ಯುವುದು ತೆಂಗಲೆಯವರ ಮಾರ್ಜಾಲಕಿಶೋರ ನ್ಯಾಯ. ಮಕ್ಕಳ ವಿಷಯದಲ್ಲಿ ನಾವು ಈ ಎರಡು ತುದಿಗಳ ನಡುವೆಯೇ ತೂಗುತ್ತಿರುತ್ತೇವೆ: ಒಂದೋ, ಮಾಡಬಲ್ಲದಾದರೆ ಮಾಡಲಿ ಎಂದು ಬಿಟ್ಟುಬಿಡುವೆವು, ಇಲ್ಲವೆ, ಅದರ ಕೈಯಿಂದಾಗದೆಂದು ಎಲ್ಲವನ್ನೂ ನಾವೇ ಮಾಡಿಕೊಡುವೆವು. ಕೋಚಿನ ಕೈ ಮೂರನೆಯದೊಂದು ನ್ಯಾಯವನ್ನು ಹೇಳುತ್ತಿತ್ತು. ಹುಡುಗಿಯೊಬ್ಬಳು ಇಳಿಜಾರಿನ ಮ್ಯಾಟಿನ ಮೇಲೆ ಮಂಡಿಯನ್ನು ಎದೆಗೆ ಒತ್ತಿಕೊಂಡು ಉರುಳುವಾಗ ಅವನ ಅಂಗೈಯು ಅವಳ ಬೆನ್ನಿನಿಂದ ಎರಡಂಗುಲ ಕೆಳಗೆ, ಮುಟ್ಟದೆ, ಜೊತೆಯಲ್ಲಿಯೇ ಸಾಗುತ್ತಿತ್ತು. ಎತ್ತಲಿಲ್ಲ, ಬಿಡಲೂ ಇಲ್ಲ. ಉರುಳಿದವಳು ಅವಳೇ, ಆದರೆ ಆ ಅಂಗೈ ಇರದಿದ್ದರೆ ಉರುಳುವ ಧೈರ್ಯವು ಅವಳಿಗೆ ಬರುತ್ತಿರಲಿಲ್ಲ. ಪುರುಷಪ್ರಯತ್ನಕ್ಕೂ ಕೃಪೆಗೂ ನಡುವೆ ಇರತಕ್ಕ ದೂರ ಎಷ್ಟೆಂದು ಯಾರಾದರೂ ಕೇಳಿದರೆ, ಎರಡಂಗುಲವೆಂದು ಇನ್ನು ಮುಂದೆ ನಾನು ಸಂಕೋಚವಿಲ್ಲದೆ ಹೇಳುವೆನು.

ಅಭ್ಯಾಸವು ಮುಗಿಯುತ್ತ ಬಂದಾಗ ಅಜ್ಜಿಯು ಎದ್ದು ಹೋಗಿ ಕೋಚನ್ನು ಕೇಳಿದರು: “ಅಲ್ಲಪ್ಪಾ, ಇವನು ಎಲ್ಲಾರ ಹಂಗೆ ಯಾವಾಗ ಆಗ್ತಾನೆ?” ತರುಣನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದನು: “ಅದು ನಂಗೆ ಗೊತ್ತಿಲ್ಲ ಅಜ್ಜಿ. ಹೋದ ತಿಂಗಳು ಈ ಬೀಮ್ ಹತ್ರಾನೇ ಬರ್ತಿರ್ಲಿಲ್ಲ. ಇವತ್ತು ನಾಲ್ಕು ಹೆಜ್ಜೆ ಇಟ್ಟ. ಅಷ್ಟು ಗೊತ್ತು.”

ಅಜ್ಜಿಯ ಪ್ರಶ್ನೆಯು ವನಪರ್ವದ ಕಥೆಯ ಕೊನೆಯಲ್ಲಿಯೂ ಇದೆ. ಗೆದ್ದು ಬಂದ ಮಗನನ್ನು ಕಹೋಡನು ಸಮಂಗಾ ನದಿಯಲ್ಲಿ ಮೀಯಲು ಹೇಳುತ್ತಾನೆ. ಮಿಂದೆದ್ದ ಕೂಡಲೆ ಅವನ ಎಂಟು ಡೊಂಕುಗಳೂ ನೇರವಾಗುತ್ತವೆ. ಯಾವ ತಾಯಿ, ಯಾವ ಅಜ್ಜಿ ಆ ನದಿಯನ್ನು ಹುಡುಕದೆ ಇದ್ದಾಳು! ಆ ಆಸೆಯನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಆದರೆ ಅದನ್ನು ಮೂಲಧನವಾಗಿಟ್ಟುಕೊಂಡು ಆಟಿಸಂ ಗುಣವಾಗುವುದೆಂದು ಹಣ ಕೀಳುವವರು ಪೇಟೆಯಲ್ಲಿ ಕಡಮೆಯಿಲ್ಲ. ಈ ವ್ಯಾಯಾಮಗಳು ಆಟಿಸಮ್ಮನ್ನಾಗಲಿ ಡೌನ್ ಸಿಂಡ್ರೋಮನ್ನಾಗಲಿ ತೊಡೆದುಹಾಕುವುದಿಲ್ಲ. ಸಮತೋಲ, ಬಲ, ಸರದಿಗಾಗಿ ಕಾಯುವ ತಾಳ್ಮೆ, ಬಿದ್ದರೆ ಏಳಬಹುದೆಂಬ ಧೈರ್ಯ, ಇವು ಬರಬಹುದು, ಬಂದಷ್ಟು ಲಾಭ. ಸಮಂಗೆಯ ವಿಷಯದಲ್ಲಿ ನಾನು ಗಮನಿಸಿದುದು ಬೇರೊಂದನ್ನು. ಅಷ್ಟಾವಕ್ರನು ಬಾಗಿಲನ್ನು ದಾಟಿದ್ದು, ಸಭೆಯನ್ನು ಗೆದ್ದದ್ದು, ತಂದೆಯನ್ನು ಕ್ಷಮಿಸಿದ್ದು ಎಲ್ಲವೂ ನದಿಗೆ ಇಳಿಯುವ ಮೊದಲೇ ಆಗಿಹೋಗಿತ್ತು. ಯಾವ ನಡೆಗಾಗಿ ಅವನನ್ನು ನಾವು ಇಂದಿಗೂ ನೆನೆಯುತ್ತೇವೆಯೋ ಆ ನಡೆಗೆ ನೇರವಾದ ಕಾಲಿನ ಅಗತ್ಯ ಬೀಳಲಿಲ್ಲ. ನದಿಯು ಶಪಿಸಿದ ತಂದೆಯ ಮನಸ್ಸಿಗೆ ಬೇಕಾಗಿತ್ತೇನೋ. ನೆಟ್ಟಗಾದ ಹೊರತು ಮಗುವನ್ನು ಪೂರ್ತಿಯಾಗಿ ನೋಡಲಾರದ ಕಣ್ಣುಗಳೇ ನೀರಿನಲ್ಲಿ ತೊಳೆಯಲ್ಪಡಬೇಕಾದುವು.

ಅಜ್ಜಿಯೂ ಮೊಮ್ಮಗನೂ ಹೊರಟಾಗ ನಾನೂ ಹೊರಟೆನು. “ನಡಿ ಕಂದಾ, ಮನೆಗೆ ಹೋಗಾಣ” ಎಂದು ಅಜ್ಜಿ ಕೈಚಾಚಿದರು. ಮೆಟ್ಟಿಲುಗಳು ಕಡಿದಾಗಿದ್ದುವು, ಹತ್ತುವಾಗ ತಿಳಿಯದ ಮಂಡಿನೋವು ಇಳಿಯುವಾಗ ಆಕೆಯನ್ನು ಹಿಡಿಯಿತು. ಒಂದು ಕೈಯಿಂದ ಗೋಡೆಯನ್ನೂ ಇನ್ನೊಂದರಿಂದ ಮೊಮ್ಮಗನ ಹೆಗಲನ್ನೂ ಊರಿಕೊಂಡರು. ಕೆಳಗಿನ ರಸ್ತೆಯಿಂದ ಹಾರನ್ನಿನ ಸದ್ದು ಏರಿ ಬರುತ್ತಿದ್ದರೂ ಹುಡುಗನು ಈ ಸಲ ಕಿವಿಗಳನ್ನು ಮುಚ್ಚಿಕೊಳ್ಳಲಿಲ್ಲ. ಕೈಗಳಿಗೆ ಬೇರೆ ಕೆಲಸವಿತ್ತು. ಅವನು ಒಂದು ಮೆಟ್ಟಿಲು ಇಳಿದು ನಿಲ್ಲುವನು, ಅಜ್ಜಿಯ ಎರಡನೆಯ ಕಾಲು ಬಂದು ತನ್ನ ಕಾಲಿನ ಪಕ್ಕದಲ್ಲಿ ಊರುವವರೆಗೆ ಕಾಯುವನು, ಅನಂತರ ಮತ್ತೊಂದು. ಹೀಗೆ ಎರಡು ಅಂತಸ್ತು. ಅವರ ಹಿಂದೆ, ಅವರನ್ನು ದಾಟಿ ಹೋಗುವ ಮನಸ್ಸಾಗದೆ, ಸ್ನೇಹಿತರ ಮೊಮ್ಮಗಳ ಕೈಹಿಡಿದು ಇಳಿಯುತ್ತ, ಆ ಹುಡುಗನ ನಡೆಯನ್ನು ನಾನು ಕಣ್ಣು ತುಂಬ ನೋಡಿದೆನು.